ವರದಿಯ ನಲವತ್ತೊಂದನೇ ಪ್ಯಾರಾ

ಸಮಿತಿ ಬರುತ್ತದೆಂಬ ಸುದ್ದಿ ತಿಳಿದ ದಿನ ಹಿಂದೂಪುರದ ಸ್ನಾತಕೋತ್ತರ ಕೇಂದ್ರದಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ರೇಷ್ಮೆ ವಿಭಾಗದ ಹೇಮಾವತಿ ಹದಿನೇಳು ವರ್ಷಗಳಲ್ಲಿ ನೋಡಿದ ಸಮಿತಿಗಳಲ್ಲಿ ಇದು ಐದನೆಯದು. ಹಿಂದಿನ ನಾಲ್ಕೂ ಬಂದವು, ಎಳನೀರು ಕುಡಿದವು, ಗೋಡೆಯ ಬಿರುಕು ನೋಡಿ ತಲೆ ಅಲ್ಲಾಡಿಸಿದವು, ಹೋದವು. ಈ ಸಲದ್ದು ದೊಡ್ಡ ಸಮಿತಿ ಎಂದರು. ರಾಜ್ಯದ ವಿಶ್ವವಿದ್ಯಾಲಯಗಳನ್ನು ಯಾರು ನಡೆಸಬೇಕು, ಅವಕ್ಕೆ ಹಣ ಎಲ್ಲಿಂದ ಬರಬೇಕು ಎಂದು ಸರ್ಕಾರಕ್ಕೆ ಸಲಹೆ ಕೊಡುವ ಸಮಿತಿ.

ಕೇಂದ್ರಕ್ಕೊಬ್ಬ ವಿಶೇಷಾಧಿಕಾರಿ ಇದ್ದರು, ಓಬುಳಪತಿ. ಒಳ್ಳೆಯ ಮನುಷ್ಯ. ನಿವೃತ್ತಿಗೆ ಐದು ತಿಂಗಳಿತ್ತು. ಸಮಿತಿಯ ಮುಂದೆ ಕೇಂದ್ರದ ಪರವಾಗಿ ಯಾರು ಮಾತಾಡಬೇಕೆಂಬ ಪ್ರಶ್ನೆ ಬಂದಾಗ ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

“ನಾನು ಮಾತಾಡಿದ್ರೆ ಪೆನ್ಷನ್ ಕಾಗದದ ಮೇಲೆ ಒಂದು ಕೊಕ್ಕೆ ಹಾಕಿ ಕೂತ್ಕೊಂತಾರೆ ಕಣಮ್ಮ. ನೀನೇ ಮಾತಾಡು. ನಿಂದು ಹೆಂಗೂ ಕಾಂಟ್ರಾಕ್ಟು.”

ಅದು ಕುಹಕವೇನಲ್ಲ. ಹೇಮಾವತಿಯ ನೇಮಕ ಪ್ರತಿ ವರ್ಷ ಏಪ್ರಿಲ್ ಕೊನೆಗೆ ಮುಗಿಯುತ್ತಿತ್ತು, ಜುಲೈಯಲ್ಲೋ ಆಗಸ್ಟಿನಲ್ಲೋ ಮತ್ತೆ ಶುರುವಾಗುತ್ತಿತ್ತು. ನಡುವಿನ ತಿಂಗಳುಗಳಲ್ಲಿ ಅವಳು ವಿಶ್ವವಿದ್ಯಾಲಯಕ್ಕೆ ಏನೂ ಅಲ್ಲ. ಆದರೂ ಆ ತಿಂಗಳುಗಳಲ್ಲಿ ಬಂದು ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು, ಪರೀಕ್ಷೆಯ ಉತ್ತರಪತ್ರಿಕೆ ನೋಡುತ್ತಿದ್ದಳು. ಕಳೆದುಕೊಳ್ಳುವುದಕ್ಕೆ ಹೆಚ್ಚೇನೂ ಇಲ್ಲದವಳು ಅವಳೇ ಎಂಬುದು ಓಬುಳಪತಿಯವರ ಲೆಕ್ಕ. ಹೇಮಾವತಿಗೂ ಅದು ಸರಿ ಎನಿಸಿತು. ಹೇಳಬೇಕಾದ ಒಂದು ಸಂಗತಿ ಅವಳಲ್ಲಿತ್ತು.

ಜನವರಿಯಲ್ಲಿ ಕೇಂದ್ರದ ಬೋರ್‌ವೆಲ್ ಮೋಟರು ಸುಟ್ಟುಹೋಗಿತ್ತು. ಹಿಂಭಾಗದ ಅರ್ಧ ಎಕರೆ ಹಿಪ್ಪುನೇರಳೆ ತೋಟಕ್ಕೆ ಬೇರೆ ನೀರಿಲ್ಲ. ಅನಿತಾ ಎಂಬ ಎಂಎಸ್ಸಿ ಹುಡುಗಿ ಅದೇ ತೋಟದಲ್ಲಿ, ಅಳತೆ ಹಾಕಿ ಕಡಿಮೆ ನೀರು ಕೊಟ್ಟು ಬೆಳೆಸಿದ ಸೊಪ್ಪನ್ನು ತಿನ್ನಿಸಿದರೆ ಹುಳು ಎಂಥ ಗೂಡು ಕಟ್ಟುತ್ತದೆಂದು ಪ್ರಯೋಗ ನಡೆಸುತ್ತಿದ್ದಳು. ಮೋಟರು ಸುಟ್ಟಾಗ ಹುಳುಗಳು ಸೊಪ್ಪು ಬಿಟ್ಟು ಪೊರೆ ಕಳಚುವ ಮೂರನೇ ಜ್ವರಕ್ಕೆ ಹೋಗಿದ್ದವು. ಅಂದರೆ ಇನ್ನೇನು ಎದ್ದು, ಹೊಟ್ಟೆ ಬಿರಿಯ ತಿನ್ನುವ ದಿನಗಳು ಮುಂದಿದ್ದವು. ಪೇಟೆಯ ವೈಂಡಿಂಗ್ ಅಂಗಡಿಯವನು ಒಂದೇ ದಿನದಲ್ಲಿ ಸರಿ ಮಾಡಿಕೊಡುತ್ತೇನೆಂದ. ಆದರೆ ಎರಡು ವರ್ಷದ ಹಿಂದೆ ಪ್ರಯೋಗಾಲಯದ ಫ್ಯಾನನ್ನು ಸ್ವಂತ ದುಡ್ಡಿನಲ್ಲಿ ರಿಪೇರಿ ಮಾಡಿಸಿದ ರಾಜೇಶ್ ಎಂಬ ಸಹೋದ್ಯೋಗಿಗೆ, ಅನುಮತಿಯಿಲ್ಲದೆ ವಿಶ್ವವಿದ್ಯಾಲಯದ ಸ್ವತ್ತನ್ನು ಮುಟ್ಟಿದ್ದಕ್ಕೆ ಮೆಮೊ ಬಂದಿತ್ತು. ಆದ್ದರಿಂದ ಫೈಲು ಹೊರಟಿತು. ಮುಖ್ಯ ಕ್ಯಾಂಪಸ್ಸಿನ ಇಂಜಿನಿಯರ್ ಬಳಿ ಹೋಯಿತು, ಹಣಕಾಸು ಅಧಿಕಾರಿಯ ಬಳಿ ಹೋಯಿತು, ಕೊಟೇಶನ್ನುಗಳ ಲಕೋಟೆಗೆ ಅರಗು ಹಾಕಿಲ್ಲವೆಂದು ವಾಪಸು ಬಂತು. ಮತ್ತೆ ಹೋಯಿತು. ಬಜೆಟ್ಟಿನಲ್ಲಿ ಇಲ್ಲದ ಖರ್ಚು, ಆಡಳಿತ ಮಂಡಳಿಯೇ ಒಪ್ಪಬೇಕು ಎಂದು ಬರೆಸಿಕೊಂಡು ಮತ್ತೆ ಬಂತು. ಮಂಡಳಿಯ ಸಭೆ ಯಾವಾಗ ಎಂದು ಯಾರಿಗೂ ಗೊತ್ತಿರಲಿಲ್ಲ.

ಹೇಮಾವತಿ, ಅನಿತಾ ಇಬ್ಬರೂ ರೈತರಿಂದ ಸೊಪ್ಪು ಕೊಂಡು ತಂದು ಹುಳುಗಳನ್ನು ಉಳಿಸಿದರು. ಹುಳು ಉಳಿದವು, ಗೂಡೂ ಕಟ್ಟಿದವು. ಆದರೆ ಬೇರೆ ತೋಟದ ಸೊಪ್ಪು ತಿಂದ ಮೇಲೆ ಪ್ರಯೋಗ ಉಳಿಯಲಿಲ್ಲ. ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುತ್ತ ಅನಿತಾ, “ಇದನ್ನ ಏನ್ ಮಾಡೋದು ಮೇಡಂ?” ಎಂದು ಕೇಳಿದಳು. ಮಾರುಕಟ್ಟೆಗೆ ಹಾಕೋಣ ಎಂದಳು ಹೇಮಾವತಿ.

ಸಮಿತಿಯ ಮುಂದೆ ಅವಳು ಈ ಸಂಗತಿಯನ್ನೇ ಹೇಳಿದಳು. ಫೆಬ್ರವರಿಯ ಕೊನೆಯ ಗುರುವಾರ. ಅಧ್ಯಕ್ಷರು ಒಂದು ಕಾಲಕ್ಕೆ ಕುಲಪತಿಯಾಗಿದ್ದವರು, ವಯಸ್ಸಾದವರು. ಪಕ್ಕದಲ್ಲಿ ರವಿತೇಜ ಎಂಬ ಮೂವತ್ತರ ಆಸುಪಾಸಿನ ಯುವಕ ಟಿಪ್ಪಣಿ ಬರೆದುಕೊಳ್ಳುತ್ತ, ಮೇಜಿನ ಮೇಲೆ ಫೋನಿಟ್ಟು ರೆಕಾರ್ಡ್ ಮಾಡಿಕೊಳ್ಳುತ್ತಿದ್ದ. ಮನೆಯಲ್ಲಿ ಕನ್ನಡವಾದರೂ ರಾಜ್ಯದ ಭಾಷೆ ತೆಲುಗು, ಹೇಮಾವತಿ ತೆಲುಗಿನಲ್ಲೇ ಮಾತಾಡಿದಳು. ಮೋಟರಿನ ಕತೆ ಹೇಳಿದ ಮೇಲೆ ಕೊನೆಗೆ ಇಷ್ಟು ಸೇರಿಸಿದಳು.

“ಇಲ್ಲಿ ಆಗಬೇಕಾದ ಕೆಲಸದ ನಿರ್ಧಾರ ಇಲ್ಲೇ ಆಗಲಿ. ನಮ್ಮ ಹಣವನ್ನು ನಾವೇ ಖರ್ಚು ಮಾಡುವ ಸ್ವಾತಂತ್ರ್ಯ ನಮಗೆ ಬೇಕು. ಆದರೆ ಆ ಹಣವನ್ನು ಸರ್ಕಾರವೇ ಕೊಡಬೇಕು. ನೀವೇ ದುಡಿದುಕೊಳ್ಳಿ ಅಂದರೆ ಈ ಸೀಮೆಯ ಮಕ್ಕಳ ಮೇಲೆ ಫೀಸು ಹಾಕಬೇಕಾಗುತ್ತದೆ. ಅವರು ಬರುವುದಿಲ್ಲ. ಆಮೇಲೆ ನಿರ್ಧಾರ ಮಾಡುವುದಕ್ಕೆ ಇಲ್ಲಿ ಏನೂ ಉಳಿದಿರುವುದಿಲ್ಲ.”

ಅಧ್ಯಕ್ಷರು ತಲೆಯಾಡಿಸಿದರು. ರವಿತೇಜ ಬರೆದುಕೊಂಡ. ಎಳನೀರು ಬಂತು.

*

ವರದಿ ಜೂನ್ ಮಧ್ಯದಲ್ಲಿ ಹೊರಬಿತ್ತು. ಅಷ್ಟು ಹೊತ್ತಿಗೆ ಹೇಮಾವತಿಯ ನೇಮಕ ಮುಗಿದಿತ್ತು. ಅವಳು ಮಾಮೂಲಿನಂತೆ ಕೇಂದ್ರಕ್ಕೆ ಹೋದಾಗ ಸ್ಟಾಫ್ ರೂಮಿನಲ್ಲಿದ್ದ ನಾಲ್ಕು ಜನ ಮಾತು ನಿಲ್ಲಿಸಿದರು. ರಾಜೇಶ್ ತನ್ನ ಫೋನನ್ನು ಅವಳ ಮುಂದೆ ಹಿಡಿದ.

“ನಲವತ್ತೊಂದನೇ ಪ್ಯಾರಾ ಓದಿ ಮೇಡಂ.”

ಇಂಗ್ಲಿಷಿನಲ್ಲಿತ್ತು. ಹಿಂದೂಪುರ ಕೇಂದ್ರದ ಬೋಧಕರು ತಮ್ಮ ಹಣವನ್ನು ತಾವೇ ನೋಡಿಕೊಳ್ಳುವ ಸ್ವಾತಂತ್ರ್ಯವನ್ನು ಸಮಿತಿಯ ಮುಂದೆ ಖುದ್ದಾಗಿ ಕೋರಿದ್ದಾರೆ, ಈ ಮನೋಭಾವ ಸ್ವಾಗತಾರ್ಹ. ಆದ್ದರಿಂದ ಇಂಥ ಕೇಂದ್ರಗಳನ್ನು ಮುಂದಿನ ವರ್ಷದಿಂದ ಸ್ವಂತ ಆದಾಯದ ಮೇಲೆ ನಡೆಯುವಂತೆ ಮಾಡಬಹುದು. ಹಾಗೆ ನಡೆಯಲಾಗದ ಕೋರ್ಸುಗಳನ್ನು ಕಲ್ಯಾಣದುರ್ಗದಲ್ಲಿ ಖಾಲಿ ಇರುವ ಹೊಸ ಕಟ್ಟಡಕ್ಕೆ ಸೇರಿಸಿ ಒಂದೇ ಕೇಂದ್ರ ಮಾಡಬಹುದು. ಕೆಳಗೆ ಅಡಿಟಿಪ್ಪಣಿಯಲ್ಲಿ ಅವಳ ಹೆಸರು, ವಿಭಾಗ, ತಾರೀಕು.

ಹೇಮಾವತಿ ಅದನ್ನು ಮೂರು ಸಲ ಓದಿದಳು.

“ನಾನು ಅರ್ಧ ಹೇಳಿಲ್ಲ ರಾಜೇಶ್. ಪೂರ್ತಿ ಹೇಳಿದ್ದೆ. ನೀನೂ ಅಲ್ಲೇ ಕೂತಿದ್ದೆ.”

“ಕೂತಿದ್ದೆ ಮೇಡಂ. ಆದ್ರೆ ನಾನು ಕೇಳಿದ್ದು ಯಾರಿಗೆ ಬೇಕು? ಇಲ್ಲಿ ಪ್ರಿಂಟಾಗಿರೋದು ನಿಮ್ಮ ಹೆಸ್ರು. ಈಗ ನನ್ನ ಹೆಂಡ್ತಿ ಕೇಳ್ತಾಳೆ, ನಿಮ್ಮೋರೇ ಕೇಳ್ಕೊಂಡ್ರಂತಲ್ಲ ಅಂತ. ಏನೇಳ್ಲಿ?”

ಅವನು ಜೋರಾಗಿ ಮಾತಾಡಲಿಲ್ಲ. ಜೋರಾಗಿ ಬೈದಿದ್ದರೆ ಅವಳಿಗೆ ಜಗಳವಾಡುವುದಕ್ಕಾದರೂ ಆಗುತ್ತಿತ್ತು.

ಓಬುಳಪತಿ ತಮ್ಮ ಕೋಣೆಯಲ್ಲಿ ಕುಳಿತು ಪೆನ್ಷನ್ ಅರ್ಜಿಯ ಮೂರನೇ ಪ್ರತಿ ತುಂಬುತ್ತಿದ್ದರು. ಅವಳನ್ನು ನೋಡಿ ಪೆನ್ನಿಟ್ಟರು. “ನೋಡ್ದೆ ಕಣಮ್ಮ. ತಪ್ಪು ನಿಂದಲ್ಲ. ನಾನು ಮಾತಾಡಿದ್ರೂ ಇಂಗೇ ಆಗ್ತಿತ್ತು,” ಎಂದರು. “ಆಗ ನನ್ನ ಹೆಸ್ರು ಬರ್ತಿತ್ತು, ಅಷ್ಟೇ,” ಎಂದು ಸೇರಿಸಿ ತಲೆ ತಗ್ಗಿಸಿದರು.

ಮನೆಯಲ್ಲಿ ಅವಳ ಗಂಡ ಹಾಲೇಶ್ ಬೈಕ್ ಬಿಡಿಭಾಗಗಳ ಅಂಗಡಿಯಿಂದ ಮಧ್ಯಾಹ್ನದ ಊಟಕ್ಕೆ ಬಂದವನು ಎಲ್ಲ ಕೇಳಿದ. ಮುದ್ದೆ ಮುರಿದ. ಕೈ ತೊಳೆದ ಮೇಲೆ ಹೇಳಿದ, “ಬಿಟ್ಬಿಡೇ. ಹದಿನೇಳು ವರ್ಷ ಆಯ್ತು. ಅಂಗಡೀಲಿ ಕೂತ್ಕ. ನನಗೂ ಒಬ್ರು ಬೇಕು.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಒಂದು ಕ್ಷಣ ಹೇಮಾವತಿಗೆ ಅದು ನಿಜವಾಗಿಯೂ ಸುಖವೆನಿಸಿತು. ಬ್ರೇಕ್ ಕೇಬಲ್ ಕೇಳಿದವರಿಗೆ ಬ್ರೇಕ್ ಕೇಬಲ್ ಕೊಡುವುದು, ಸಂಜೆ ಶಟರ್ ಎಳೆಯುವುದು.

“ಬಿಡೋದಾದ್ರೆ ಬಿಡ್ತೀನಿ,” ಎಂದಳು. “ಆದ್ರೆ ಈ ಮಾತು ನನ್ನ ಹೆಸ್ರಲ್ಲಿ ಇರೋವಾಗ ಬಿಡಲ್ಲ.”

*

ರವಿತೇಜನ ನಂಬರು ಹುಡುಕುವುದಕ್ಕೆ ಎರಡು ದಿನ ಹಿಡಿಯಿತು. ಅವನು ಫೋನೆತ್ತಿದಾಗ ಅವಳು ತನ್ನ ಹೆಸರು ಹೇಳಿದಳು.

“ಮೇಡಂ, ನಾನು ನಿಮ್ಮದು ಪೂರ್ತಿ ಬರೆದಿದ್ದೆ,” ಎಂದ ತೆಲುಗಿನಲ್ಲಿ. “ಕರಡಿನಲ್ಲಿ ಎರಡೂ ವಾಕ್ಯ ಇದ್ದವು. ವರದಿ ಉದ್ದವಾಯಿತು, ಕಡಿಮೆ ಮಾಡು ಅಂದರು. ಎರಡನೇ ಸಲ ನನ್ನ ಕೈಗೆ ಬಂದಾಗ ಒಂದೇ ಇತ್ತು. ನಾನು ಕೇಳಬಹುದಿತ್ತು. ಕೇಳಲಿಲ್ಲ.”

“ಯಾಕೆ?”

“ನನ್ನದೂ ಕಾಂಟ್ರಾಕ್ಟೇ ಮೇಡಂ.”

ಅವನ ಮೇಲೆ ಸಿಟ್ಟು ಮಾಡುವುದಕ್ಕೆ ಅವಳಿಗೆ ಶಕ್ತಿ ಸಾಲಲಿಲ್ಲ. ರೆಕಾರ್ಡಿಂಗ್ ಇದೆಯೇ ಎಂದು ಕೇಳಿದಳು. ಇದೆ ಎಂದ. ಕೊಡುವುದು ಕಷ್ಟ ಎಂದ. ಸಾರ್ವಜನಿಕವಾಗಿ ಆಡಿದ ಮಾತು, ಆಡಿದವಳು ನಾನೇ, ನನ್ನ ಮಾತನ್ನು ನನಗೆ ಕೊಡುವುದಕ್ಕೆ ಏನು ಕಷ್ಟ ಎಂದು ಅವಳು ಕೇಳಿದಳು. ಅವನು ಯೋಚಿಸಿ ಹೇಳುತ್ತೇನೆಂದು ಫೋನಿಟ್ಟ. ಮಾರನೆಯ ದಿನ ಮಧ್ಯಾಹ್ನ ಅವಳ ಫೋನಿಗೆ ಒಂಬತ್ತು ನಿಮಿಷದ ಒಂದು ಧ್ವನಿ ಬಂತು. ಜೊತೆಗೆ ಒಂದೇ ಸಾಲು: ಅರ್ಜಿ ಕೊಟ್ಟು ಪಡೆದೆ ಎಂದು ಹೇಳಿ, ಅರ್ಜಿಗೆ ಹಿಂದಿನ ತಾರೀಕು ಬೇಡ, ಇವತ್ತಿನದನ್ನೇ ಹಾಕಿ ಕಳಿಸಿ. ಅವಳು ಆಗಲೇ ಅರ್ಜಿ ಬರೆದು ಕಳಿಸಿದಳು.

ಆ ಧ್ವನಿಯನ್ನು ಯಾರಿಗೆ ಕೇಳಿಸುವುದು ಎಂಬುದು ಮುಂದಿನ ಪ್ರಶ್ನೆ. ವರದಿ ಒಪ್ಪಿಗೆಯೋ ಅಲ್ಲವೋ ಎಂದು ಸರ್ಕಾರಕ್ಕೆ ತಿಳಿಸಬೇಕಾದದ್ದು ವಿಶ್ವವಿದ್ಯಾಲಯದ ಆಡಳಿತ ಮಂಡಳಿ. ಅದರಲ್ಲಿ ಹೇಮಾವತಿಯಂಥ ಬೋಧಕರು ಯಾರೂ ಇರಲಿಲ್ಲ. ಇದ್ದವರೆಲ್ಲ ಅಧಿಕಾರಿಗಳು, ಸರ್ಕಾರ ನೇಮಿಸಿದವರು. ಹಾಗೆ ನೇಮಕವಾದವರಲ್ಲಿ ಒಬ್ಬರು ಹಿಂದೂಪುರದವರೇ, ಹುಣಸೆಹಣ್ಣಿನ ಮಂಡಿಯ ಸೋಮಶೇಖರಪ್ಪ. ಹಾಲೇಶನಿಗೆ ದೂರದ ಸಂಬಂಧದಲ್ಲಿ ದೊಡ್ಡಪ್ಪ ಆಗಬೇಕು. ಅರವತ್ತೆಂಟು ವರ್ಷ. ಯಾರದೋ ಶಿಫಾರಸಿನಿಂದ ಎರಡು ವರ್ಷದ ಹಿಂದೆ ಮಂಡಳಿ ಸೇರಿದ್ದರು. ಮದುವೆ ಮನೆಗಳಲ್ಲಿ ಜನ ಮಂಡಳಿಯ ಇಂಗ್ಲಿಷ್ ಹೆಸರಿನ ಮೊದಲಕ್ಷರ ಹಿಡಿದು ಅವರನ್ನು “ಇ.ಸಿ. ಮೆಂಬರ್ರು” ಎಂದು ಪರಿಚಯಿಸುತ್ತಿದ್ದರು. ಅವರು ಅದಕ್ಕೆ ನಗುತ್ತಿದ್ದರು.

ಹೇಮಾವತಿ ಮಂಡಿಗೆ ಹೋದಾಗ ಅವರು ಮೂಟೆಯೊಂದರಿಂದ ಹಣ್ಣು ತೆಗೆದು ಬೀಜ ಅದುಮಿ ನೋಡುತ್ತಿದ್ದರು.

“ಬಾರಮ್ಮ ಹೇಮ. ಕೂತ್ಕ. ಏನು ಈ ಕಡೆ?”

ಅವಳು ಎಲ್ಲ ಹೇಳಿದಳು. ಅವರಿಗೆ ವರದಿಯ ಬಗ್ಗೆ ಏನೂ ತಿಳಿದಿರಲಿಲ್ಲ. ಮುಂದಿನ ಸಭೆಯಲ್ಲಿ ಅದೇ ಮುಖ್ಯ ವಿಷಯ ಎಂಬುದೂ ಗೊತ್ತಿರಲಿಲ್ಲ.

“ನಿನ್ನ ಹತ್ರ ಮುಚ್ಚಿಡೋದೇನೈತಮ್ಮ. ಸಭೆ ನಾಳೆ ಅಂದ್ರೆ ಇವತ್ತು ಸಂಜೆ ಇನ್ನೂರು ಪುಟ ಕಳಿಸ್ತಾರೆ. ಎಲ್ಲಾ ಇಂಗ್ಲೀಷು. ನಾನು ಓದಿರೋದು ಎಸ್ಸೆಸ್ಸೆಲ್ಸಿ, ಅದೂ ಕನ್ನಡದಾಗೆ. ಅಲ್ಲಿ ಹೋಗಿ ಕೂತ್ಕಂತೀನಿ. ಐಟಂ ನಂಬರು ಹೇಳ್ತಾರೆ, ಎಲ್ರೂ ‘ಅಪ್ರೂವ್ಡ್’ ಅಂತಾರೆ, ನಾನೂ ಅಂತೀನಿ. ಊಟ ಚೆನ್ನಾಗಿರ್ತದೆ. ಉಂಡು ಬತ್ತೀನಿ.”

“ನಮ್ಮ ಮೋಟರಿನ ಫೈಲು ನಿಮ್ಮ ಸಭೆಗೇ ಕಾದು ಕೂತಿತ್ತು ದೊಡ್ಡ ಮಾವ.”

“ಯಾವ ಮೋಟರು?”

ಅವಳು ಹೇಳಿದಳು. ಸೋಮಶೇಖರಪ್ಪ ಕೈಯಲ್ಲಿದ್ದ ಹಣ್ಣನ್ನು ಮೂಟೆಗೆ ವಾಪಸು ಹಾಕಿದರು. ಹಿಂದೂಪುರದಲ್ಲೇ ಹುಟ್ಟಿ ಬೆಳೆದವರು. ಆ ತೋಟದ ಬೇಲಿಯ ಪಕ್ಕದಲ್ಲೇ ಅವರ ಒಂದು ಗೋದಾಮಿತ್ತು. ಅವರ ಗೋದಾಮಿನ ಬೋರಿನಿಂದ ಒಂದು ಪೈಪು ಎಳೆದಿದ್ದರೆ ಸಾಕಿತ್ತು.

“ನನ್ನ ಒಂದ್ಮಾತು ಕೇಳ್ಬಾರ್ದಾಗಿತ್ತಾ?”

“ನೀವು ಮಂಡಳೀಲಿ ಇದೀರಿ ಅನ್ನೋದು ಗೊತ್ತಿತ್ತು. ಕೇಳಿದ್ರೆ ಏನಾದ್ರೂ ಆಗ್ತದೆ ಅಂತ ಅನ್ನಿಸ್ಲಿಲ್ಲ ಮಾವ.”

ಅವರಿಗೆ ಅದು ನಾಟಿತು. ಅವಳು ಫೋನಿನಲ್ಲಿ ತನ್ನ ಮಾತನ್ನು ಕೇಳಿಸಿದಳು. ಆಮೇಲೆ ನಲವತ್ತೊಂದನೇ ಪ್ಯಾರಾವನ್ನು ಕನ್ನಡದಲ್ಲಿ ಓದಿ ಹೇಳಿದಳು. ಸೋಮಶೇಖರಪ್ಪ ಇನ್ನೊಮ್ಮೆ ಕೇಳಿಸು ಎಂದರು, ಇನ್ನೊಮ್ಮೆ ಓದು ಎಂದರು.

“ಇದು ಸ್ಯಾಂಪಲ್ ಒಂದು ತೋರ್ಸಿ ಮೂಟೆ ಇನ್ನೊಂದು ಇಳಿಸಿದಂಗಾಯ್ತಲ್ಲಮ್ಮ! ಮಂಡೀಲಿ ಇಂಗೆ ಮಾಡಿದ್ರೆ ಮಾರನೇ ದಿನ ಅವ್ನ ಹತ್ರ ಯಾರೂ ಯಾಪಾರ ಮಾಡಲ್ಲ.” ಮೂಟೆಯ ಬಾಯಿ ಮುಚ್ಚಿದರು. “ಸಭೆ ಈ ಸಲ ಕಲ್ಯಾಣದುರ್ಗದಾಗೆ. ಹೊಸ ಕಟ್ಟಡ ತೋರಿಸ್ಬೇಕಂತೆ. ನೀನೂ ನನ್ ಜತೆಗೆ ಬಾ.”

“ನನ್ನನ್ನ ಒಳಗೆ ಬಿಡಲ್ಲ.”

“ಬಿಡ್ದಿದ್ರೆ ಹೊರಗೆ ಕೂತ್ಕ. ನಾನು ಒಳಗಿರ್ತೀನಲ್ಲ.”

*

ಜುಲೈ ಎರಡನೇ ವಾರದ ಸೋಮವಾರ, ಬೆಳಿಗ್ಗೆ ಆರೂವರೆಗೆ ಸೋಮಶೇಖರಪ್ಪನವರ ಹಳೆಯ ಕಾರಿನಲ್ಲಿ ಹೊರಟರು. ಕಾರನ್ನು ಅವರೇ ಓಡಿಸಿದರು. ದಾರಿಯುದ್ದಕ್ಕೂ ಹೇಮಾವತಿ ಕಾರ್ಯಸೂಚಿಯ ಒಂದೊಂದೇ ವಿಷಯವನ್ನು ಕನ್ನಡದಲ್ಲಿ ಹೇಳಿದಳು. ಕೆಲವು ಕಡೆ ಅವರು ಕಾರಿನ ವೇಗ ಇಳಿಸಿ, “ಇದಕ್ಕೆ ನಾನು ಹೂಂ ಅಂದಿದ್ನಾ ಹೋದ್ಸಲ?” ಎಂದು ಕೇಳಿದರು. ಜೊತೆಗಿದ್ದ ಹಿಂದಿನ ಸಭೆಯ ನಡಾವಳಿ ನೋಡಿ, ಹೌದು ಎಂದು ಅವಳು ಹೇಳಬೇಕಾಗುತ್ತಿತ್ತು. ಕಲ್ಯಾಣದುರ್ಗ ಹತ್ತಿರವಾದಂತೆ ಶೇಂಗಾ ಹೊಲಗಳು ಶುರುವಾದವು. ಊರೊಳಗೆ ಜೀಪುಗಳು, ಆಟೋಗಳು ರಸ್ತೆಗೆ ಅಡ್ಡ ನಿಂತು ಜನರನ್ನು ಕೂಗಿ ಹತ್ತಿಸಿಕೊಳ್ಳುತ್ತಿದ್ದವು.

ಹೊಸ ಕಟ್ಟಡ ಊರಾಚೆ ಇತ್ತು. ಎರಡು ಮಹಡಿ, ಬಣ್ಣ ಇನ್ನೂ ಹೊಸತು, ಎಲ್ಲ ಕೋಣೆಗಳಿಗೂ ಬೀಗ. ಸುತ್ತ ಒಂದು ಹಿಪ್ಪುನೇರಳೆ ಗಿಡವೂ ಇರಲಿಲ್ಲ. ಇಲ್ಲಿಗೆ ಹಿಂದೂಪುರದಿಂದ ಎರಡು ಬಸ್ಸು ಬದಲಿಸಿ ಹುಡುಗಿಯರು ಹೇಗೆ ಬರುತ್ತಾರೆಂದು ಹೇಮಾವತಿ ಲೆಕ್ಕ ಹಾಕಲು ನೋಡಿದಳು, ಅರ್ಧಕ್ಕೆ ಬಿಟ್ಟಳು.

ಸಭೆ ಹನ್ನೊಂದಕ್ಕೆ ಆರಂಭವಾಯಿತು. ಅವಳು ಹೊರಗೆ ಜಗಲಿಯ ಮೇಲೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಳು. ಒಳಗಿನಿಂದ ಆಗಾಗ “ಅಪ್ರೂವ್ಡ್” ಎಂಬ ದನಿಗಳು ಒಟ್ಟಾಗಿ ಕೇಳುತ್ತಿದ್ದವು. ಒಂದೂವರೆಗೆ ಊಟ. ಸೋಮಶೇಖರಪ್ಪ ಒಂದು ತಟ್ಟೆ ತಂದುಕೊಟ್ಟು ಒಳಗೆ ಹೋದರು. ಎರಡೂವರೆಗೆ ಮತ್ತೆ ಸಭೆ. ಮೂರು ಗಂಟೆಗೆ ಅವಳಿಗೆ ಕೂತಲ್ಲೇ ಜೊಂಪು ಹತ್ತಿತು. ಎಚ್ಚರವಾದದ್ದು ಸೋಮಶೇಖರಪ್ಪನವರ ದನಿಗೆ. ಅವರು ಮಂಡಿಯಲ್ಲಿ ಕೂಗುವ ಹಾಗೆ ತೆಲುಗಿನಲ್ಲಿ ಕೂಗುತ್ತಿದ್ದರು.

“ಎರಡು ವರ್ಷದಿಂದ ಬರ್ತಾ ಇದೀನಿ ಸ್ವಾಮಿ. ಎಲ್ಲದಕ್ಕೂ ಹೂಂ ಅಂದಿದೀನಿ. ಇವತ್ತು ಒಂದಕ್ಕೆ ಹೂಂ ಅನ್ನಲ್ಲ. ಆ ಹೆಣ್ಣುಮಗಳು ಹೇಳಿದ್ದೇ ಒಂದು, ಇಲ್ಲಿ ಬರೆದಿರೋದೇ ಒಂದು. ಹೊರಗೇ ಕೂತಿದಾಳೆ. ಕರೆದು ಕೇಳಿ.”

ಯಾರೋ ನಿಯಮದ ಮಾತಾಡಿದರು. ಮಂಡಳಿಯ ಸಭೆಗೆ ಹೊರಗಿನವರು ಬರುವಂತಿಲ್ಲ. ಅದರಲ್ಲೂ ಈಗ ಆಕೆಯ ನೇಮಕವೇ ಇಲ್ಲ. ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಬಾಗಿಲು ತೆರೆಯಿತು, ಅಟೆಂಡರ್ ಅವಳನ್ನು ಒಳಗೆ ಕರೆದ.

ಕುಲಪತಿಗಳು ಐವತ್ತೈದರ ಆಸುಪಾಸಿನವರು. ಎರಡು ವಿಶ್ವವಿದ್ಯಾಲಯಗಳ ಹೊಣೆ ಒಟ್ಟಿಗೆ ಹೊತ್ತವರು. ಕಣ್ಣಿನ ಕೆಳಗೆ ಕಪ್ಪು. ಅವರು ಅವಳಿಗೆ ಕುರ್ಚಿ ತೋರಿಸಿ, ರೆಕಾರ್ಡಿಂಗ್ ಕೇಳಿಸಿ ಎಂದರು. ಅವಳು ಫೋನನ್ನು ಮೇಜಿನ ಮೇಲಿಟ್ಟಳು. ಮೋಟರು, ಅರಗು ಇಲ್ಲದ ಲಕೋಟೆ, ಅನಿತಾಳ ಹುಳುಗಳು, ಕೊನೆಯ ವಾಕ್ಯಗಳು. ತನ್ನದೇ ದನಿ ಅವಳಿಗೆ ಬೇರೆ ಯಾರದೋ ಎನಿಸಿತು. ಫೆಬ್ರವರಿಯಲ್ಲಿ ತಾನು ಇಷ್ಟು ನಂಬಿಕೆಯಿಂದ ಮಾತಾಡಿದ್ದೆನೇ ಎಂದುಕೊಂಡಳು. ಮುಗಿದಾಗ ಹಣಕಾಸು ಅಧಿಕಾರಿ ತಮ್ಮ ಮುಂದಿನ ಕಾಗದಗಳನ್ನು ಜೋಡಿಸಿಕೊಂಡರು.

“ನೀವು ಹೇಳಿದ್ದು ಸರಿ,” ಎಂದರು ಕುಲಪತಿಗಳು ಕೊನೆಗೆ. “ವರದಿಯಲ್ಲಿ ತಪ್ಪಾಗಿದೆ, ತಿದ್ದಬೇಕು. ಆದರೆ ನನಗೊಂದು ಹೇಳಿ. ನನ್ನ ಹತ್ತಿರ ಮಂಜೂರಾದ ಹುದ್ದೆಗಳಲ್ಲಿ ಅರ್ಧ ಖಾಲಿ. ತುಂಬಲು ಅನುಮತಿ ಕೇಳಿ ಆರು ಪತ್ರ ಬರೆದಿದ್ದೇನೆ. ಬರುವ ಹಣ ಸಂಬಳ, ಪೆನ್ಷನ್ನಿಗೆ ಹೋಗುತ್ತದೆ, ಅದಕ್ಕೂ ಸಾಲುವುದಿಲ್ಲ. ನಿಮಗೆ ನಿರ್ಧಾರದ ಅಧಿಕಾರ ಕೊಡು ಅಂದರೆ ಇವತ್ತೇ ಕೊಡಬಲ್ಲೆ. ಹಣ ಸರ್ಕಾರವೇ ಕೊಡಬೇಕು ಅನ್ನುತ್ತೀರಲ್ಲ, ಅದನ್ನು ನಾನು ಯಾರಿಗೆ ಹೇಳಲಿ?”

ಅದು ನಿಜವಾದ ಪ್ರಶ್ನೆಯೇ ಎಂದು ಹೇಮಾವತಿಗೆ ಗೊತ್ತಾಯಿತು. ಅವರನ್ನು ಎದುರಾಳಿಯೆಂದುಕೊಂಡು ಅವಳು ಬಂದಿದ್ದಳು. ಇಲ್ಲಿ ಕೂತವರೂ ತನ್ನಂತೆಯೇ ಎಲ್ಲಿಂದಲೋ ಬರಬೇಕಾದ ಫೈಲಿಗೆ ಕಾಯುತ್ತಿದ್ದಾರೆ.

“ನನಗೂ ಗೊತ್ತಿಲ್ಲ ಸಾರ್,” ಎಂದಳು. “ಆದರೆ ಸರ್ಕಾರಕ್ಕೆ ಹೋಗುವ ಕಾಗದದಲ್ಲಿ ನಾವು ಕೇಳಿದ್ದೇವೆ ಅಂತಾದರೂ ಇರಲಿ. ನಾವೇ ಬೇಡ ಅಂದೆವು ಅಂತ ಇದೆ ಈಗ. ನಾಳೆ ಯಾರಾದರೂ ಕೊಡಬೇಕು ಅಂದುಕೊಂಡರೂ ಇದನ್ನು ನೋಡಿ ಬಿಟ್ಟುಬಿಡುತ್ತಾರೆ.”

ಕುಲಪತಿಗಳು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು. ಆಮೇಲೆ ಹೇಳಿ ಬರೆಸಿದರು. ನಲವತ್ತೊಂದನೇ ಪ್ಯಾರಾಕ್ಕೆ ಮಂಡಳಿಯ ಆಕ್ಷೇಪವಿದೆ, ಬೋಧಕರ ಹೇಳಿಕೆಯನ್ನು ಪೂರ್ತಿಯಾಗಿ ಲಗತ್ತಿಸಿ ಸರ್ಕಾರಕ್ಕೆ ಕಳಿಸತಕ್ಕದ್ದು. ಕಲ್ಯಾಣದುರ್ಗಕ್ಕೆ ಸೇರಿಸುವ ವಿಚಾರ ಒಂದು ವರ್ಷ ಮುಂದಕ್ಕೆ. ರಿಪೇರಿಯಂಥ ಸಣ್ಣ ಖರ್ಚುಗಳನ್ನು ಕೇಂದ್ರದ ಮುಖ್ಯಸ್ಥರೇ ಮಂಜೂರು ಮಾಡಬಹುದು. ಕೇಂದ್ರಗಳಿಂದ ಒಬ್ಬ ಬೋಧಕರನ್ನು ಮಂಡಳಿಯ ಸಭೆಗಳಿಗೆ ಆಹ್ವಾನಿಸಬಹುದು, ಮತದ ಹಕ್ಕಿಲ್ಲದೆ. ಇಲ್ಲಿಗೆ ಹಣಕಾಸು ಅಧಿಕಾರಿ ಕೆಮ್ಮಿದರು. ಕುಲಪತಿಗಳು ಅವರತ್ತ ನೋಡದೆಯೇ ಕೊನೆಯದನ್ನೂ ಹೇಳಿದರು: ಫೀಸು ಈ ವರ್ಷದಿಂದ ಹೆಚ್ಚುತ್ತದೆ. ಹದಿನೈದು ಜನ ಸೇರದ ಕೋರ್ಸು ಮುಂದಿನ ವರ್ಷ ಇರುವುದಿಲ್ಲ.

“ಇದಕ್ಕಿಂತ ಹೆಚ್ಚು ನನ್ನ ಕೈಲಾಗುವುದಿಲ್ಲಮ್ಮ,” ಎಂದರು ಅವಳಿಗೆ.

ವಾಪಸು ಬರುವಾಗ ಸೋಮಶೇಖರಪ್ಪ ಹುರುಪಿನಲ್ಲಿದ್ದರು. ಊರು ದಾಟುವ ಮುನ್ನ ಕಾರು ನಿಲ್ಲಿಸಿ ಮೆಣಸಿನಕಾಯಿ ಬಜ್ಜಿ ಕೊಂಡರು, ಅವಳ ಕೈಗೂ ಒಂದು ಪೊಟ್ಟಣ ಕೊಟ್ಟರು.

“ಎಂಗೆ ಕೂಗ್ದೆ ನೋಡ್ದಾ? ನನಗೇ ಗೊತ್ತಿರ್ಲಿಲ್ಲ ಕಣಮ್ಮ ಅಲ್ಲಿ ಅಷ್ಟು ಜೋರಾಗಿ ಮಾತಾಡ್ಬೋದು ಅಂತ.” ಬಜ್ಜಿ ತಿಂದು ಕೈ ಒರೆಸಿಕೊಂಡರು. “ಈಗ ಹೇಳು, ನಾವು ಗೆದ್ವಾ, ಸೋತ್ವಾ?”

“ಗೊತ್ತಿಲ್ಲ ಮಾವ. ತಲೆ ನೋಯ್ತಾ ಐತೆ.”

ಅವರು ಕಾರು ಹೊರಡಿಸಿದರು. ಅವಳು ಸೀಟಿಗೆ ಒರಗಿ ಕಣ್ಣು ಮುಚ್ಚಿದಳು. ಹೆಸರಿನ ಮೇಲಿದ್ದ ಭಾರ ಇಳಿದಿತ್ತು. ಅದರ ಜಾಗದಲ್ಲಿ ಹದಿನೈದು ಎಂಬ ಸಂಖ್ಯೆ ಬಂದು ಕೂತಿತ್ತು.

*

ಜುಲೈ ಕೊನೆಗೆ ಓಬುಳಪತಿ ನಿವೃತ್ತರಾದರು. ಹಾರ ಹಾಕಿದರು, ಒಂದು ಗೋಡೆ ಗಡಿಯಾರ ಕೊಟ್ಟರು. ಅವರು ಹೇಮಾವತಿಯನ್ನು ಪಕ್ಕಕ್ಕೆ ಕರೆದು, ಆ ದಿನ ನಾನೇ ಮಾತಾಡಬೇಕಿತ್ತು ಎಂದರು. ಪರವಾಗಿಲ್ಲ ಸಾರ್ ಎಂದಳು. ಹೇಳಿದ ಮೇಲೆ, ಅದು ಬರೀ ಮರ್ಯಾದೆಯ ಮಾತಲ್ಲ, ತನಗೆ ಅವರ ಮೇಲೆ ನಿಜಕ್ಕೂ ಬೇಸರ ಉಳಿದಿಲ್ಲ ಎಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು.

ಹೊಸ ವಿಶೇಷಾಧಿಕಾರಿ ಬರಲಿಲ್ಲ. ಆಗಸ್ಟಿನಲ್ಲಿ ಹೇಮಾವತಿಯ ನೇಮಕದ ಆದೇಶ ಬಂದಾಗ ಅದರ ಕೆಳಗೆ ಇನ್ನೊಂದು ಸಾಲಿತ್ತು: ಮುಂದಿನ ಆದೇಶದವರೆಗೆ ಕೇಂದ್ರದ ಹೊಣೆಯನ್ನೂ ನೋಡಿಕೊಳ್ಳತಕ್ಕದ್ದು. ಸಂಬಳ ಅದೇ. ಹಾಲೇಶ್ ಆದೇಶವನ್ನು ಎರಡು ಬಾರಿ ತಿರುಗಿಸಿ ನೋಡಿ, “ಅಂಗಡಿಗೆ ಬರಲ್ಲ ಬಿಡು ನೀನು,” ಎಂದು ನಕ್ಕ.

ಆ ವಾರವೇ ರೇಷ್ಮೆ ಕೋರ್ಸಿಗೆ ಸೇರಿದವರ ಪಟ್ಟಿ ಬಂತು. ಹನ್ನೊಂದು ಜನ. ಹೆಚ್ಚಿದ ಫೀಸು ಕಟ್ಟುವ ದಿನ ಅದರಲ್ಲಿ ಇಬ್ಬರು ಬರಲಿಲ್ಲ. ಒಂಬತ್ತು.

ರಾಜೇಶ್ ಆ ಸಂಜೆ ಅವಳ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. ಜೂನ್ ತಿಂಗಳಿನಿಂದ ಅವರಿಬ್ಬರ ನಡುವೆ ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. “ಗೋರಂಟ್ಲ ಕಡೆ ನನ್ನ ಗಾಡೀಲಿ ಹೋಗ್ಬರಾಣ ಮೇಡಂ. ಡಿಗ್ರಿ ಮುಗ್ಸಿದೋರ ಲಿಸ್ಟ್ ತಂದಿದೀನಿ,” ಎಂದ. ಅವಳು ಲಿಸ್ಟ್ ಈಸಿಕೊಂಡು ನೋಡಿದಳು.

ನಾಲ್ಕು ಭಾನುವಾರ ಅವರು ಹಳ್ಳಿಹಳ್ಳಿ ತಿರುಗಿದರು. ಪಾಠ ಮಾಡಬೇಕಾದವರು ಮನೆಬಾಗಿಲಿಗೆ ಬಂದು ಮಕ್ಕಳನ್ನು ಕೇಳುವುದನ್ನು ಕೆಲವರು ಮರ್ಯಾದೆಯಿಂದ ನೋಡಿದರು, ಕೆಲವರು ಖಾಸಗಿ ಕಾಲೇಜಿನ ಏಜೆಂಟರೆಂದುಕೊಂಡರು. ಅನಿತಾ ಎರಡನೇ ಭಾನುವಾರ ತಾನೂ ಬಂದಳು. ಪ್ರಯೋಗ ಹಾಳಾದ ಮೇಲೆ ಅವಳು ರೈತರ ಸಾಕಣೆ ಮನೆಗಳ ಸಮೀಕ್ಷೆ ಮಾಡಿ ಹೇಗೋ ಪದವಿ ಮುಗಿಸಿದ್ದಳು, ಈಗ ಚಿಲಮತ್ತೂರಿನ ಒಂದು ಚಾಕಿ ಕೇಂದ್ರದಲ್ಲಿ ಮರಿಹುಳು ಸಾಕಿ ರೈತರಿಗೆ ಕೊಡುವ ಕೆಲಸದಲ್ಲಿದ್ದಳು. ಹುಡುಗಿಯರ ಜೊತೆ ಅವಳೇ ಮಾತಾಡಿದಳು. ಹೇಮಾವತಿಗಿಂತ ಚೆನ್ನಾಗಿ ಮಾತಾಡಿದಳು. ಆ ದಿನ ಮೂವರು ಒಪ್ಪಿದರು. ಮುಂದಿನ ವಾರ ಇನ್ನಿಬ್ಬರು. ಹದಿನಾಲ್ಕಾಯಿತು.

ಕೊನೆಯ ಭಾನುವಾರ ಗೋರಂಟ್ಲದ ಆಚೆಯ ಒಂದು ಊರಿನಲ್ಲಿ ಬೈಲಪ್ಪ ಎಂಬ ರೈತನ ಮನೆಗೆ ಹೋದರು. ಅವನ ಮನೆಯ ಅರ್ಧ ಭಾಗವೇ ಹುಳುಮನೆ. ಮಗಳು ಬಿಎಸ್ಸಿ ಮುಗಿಸಿ ಮನೆಯಲ್ಲಿದ್ದಳು. ಹುಡುಗಿಗೆ ಮನಸ್ಸಿತ್ತು. ಬೈಲಪ್ಪ ಎಲ್ಲವನ್ನೂ ಗಮನವಿಟ್ಟು ಕೇಳಿದ, ಫೀಸಿನ ಬಗ್ಗೆ ಕೇಳಿದ, ಬಸ್ಸಿನ ಹೊತ್ತು ಕೇಳಿದ. ಆಮೇಲೆ ಕೇಳಿದ, “ಕೋರ್ಸು ಎರಡು ವರ್ಷ ಅಲ್ವಾ ಮೇಡಮ್ಮಾರೆ. ಮುಂದಿನ್ ವರ್ಷ ಇರ್ತದಾ ಅದು? ಮುಚ್ಬುಡ್ತಾರಂತೆ ಅಂತ ಪೇಟೇಲಿ ಅಂತಿದ್ರು.”

ರಾಜೇಶ್ ಅವಳತ್ತ ನೋಡಿದ. ಇರುತ್ತದೆ ಎಂದುಬಿಡಿ ಎಂಬಂತಿತ್ತು ಅವನ ಮುಖ. ಒಂದು ಮಾತು, ಅಷ್ಟೇ. ಹೇಮಾವತಿ ಜಗಲಿಯ ಕಂಬಕ್ಕೆ ಒರಗಿ ನಿಂತಳು. ಬೆಳಿಗ್ಗೆಯಿಂದ ನಾಲ್ಕು ಊರು ಸುತ್ತಿ ಕಾಲು ನೋಯುತ್ತಿದ್ದವು.

“ಇರ್ತದೆ ಅಂತ ಬರ್ಕೊಡಕ್ಕೆ ನನ್ ಕೈಲಾಗಲ್ಲಪ್ಪ,” ಎಂದಳು. “ಇರ್ಬೇಕು ಅಂತ ಓಡಾಡ್ತಾ ಇದೀವಿ. ನಿಮ್ಮ ಮಗಳು ಬಂದ್ರೆ ಇರೋ ಸಾಧ್ಯತೆ ಜಾಸ್ತಿ. ಒಂದ್ವೇಳೆ ಜಾಗ ಬದಲಾಯ್ಸಿದ್ರೂ ಅವಳ ಎರಡು ವರ್ಷ ಮುಗಿಸಿ ಕಳ್ಸೋವರ್ಗೂ ನಾನು ಬಿಡಲ್ಲ. ಅಷ್ಟು ಮಾತ್ರ ಹೇಳ್ತೀನಿ.”

ಬೈಲಪ್ಪ ಮಗಳ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಹುಳುಮನೆಯ ಬಾಗಿಲಿಗೆ ಕಟ್ಟಿದ ನೈಲಾನ್ ಪರದೆಯ ಹಿಂದೆ ಹುಳುಗಳು ಸೊಪ್ಪು ತಿನ್ನುವ ಸದ್ದು, ಮಳೆ ಹನಿದಂತೆ, ಕೇಳುತ್ತಿತ್ತು.

“ಒಳಗೋಗಿ ನಿನ್ನ ಸರ್ಟಿಫಿಕೇಟು ತಗಂಬಾ ಕಣಮ್ಮ,” ಎಂದ ಮಗಳಿಗೆ. ಆಮೇಲೆ ಹೇಮಾವತಿಯ ಕಡೆ ತಿರುಗಿ, “ನೀವು ಸ್ವಲ್ಪ ಕೂತ್ಕಳ್ರಿ, ಮಜ್ಜಿಗೆ ಕುಡ್ಕಂಡೋಗ್ರಿ,” ಎಂದ.

ಹೇಮಾವತಿ ಕೂತಳು. ರಾಜೇಶ್ ಪಕ್ಕದಲ್ಲಿ ಕೂತು ಲಿಸ್ಟಿನಲ್ಲಿ ಹುಡುಗಿಯ ಹೆಸರು ಬರೆದುಕೊಳ್ಳತೊಡಗಿದ.